ಇಲಿಗಳ ಅಂಗಗಳಿಗೆ ವಂಶವಾಹಿ ರವಾನೆ

ಇಲಿಗಳ ಅಂಗಗಳಿಗೆ ವಂಶವಾಹಿ ರವಾನೆ ಎಂದರೆ ಪ್ರಯೋಗಾಲಯದಲ್ಲಿ ಸಾಕಿದ ಜೀವಂತ ಇಲಿಯ ಯಕೃತ್ತು, ಸ್ನಾಯು, ಮಿದುಳು, ಕಣ್ಣು, ಶ್ವಾಸಕೋಶ ಮೊದಲಾದ ಅಂಗಗಳ ಜೀವಕೋಶಗಳೊಳಗೆ ಹೊರಗಿನಿಂದ ವಂಶವಾಹಿಯನ್ನು (ಜೀನ್) ತಲುಪಿಸಿ, ಅಲ್ಲಿ ಅದು ಕಾರ್ಯನಿರ್ವಹಿಸುವಂತೆ ಮಾಡುವ ಸಂಶೋಧನಾ ವಿಧಾನ. ಒಂದು ವಂಶವಾಹಿಯ ಕೆಲಸವೇನು, ಅದು ಕೆಟ್ಟರೆ ಯಾವ ರೋಗ ಬರುತ್ತದೆ, ಸರಿಯಾದ ಪ್ರತಿಯನ್ನು ಒದಗಿಸಿದರೆ ಆ ರೋಗ ವಾಸಿಯಾಗುತ್ತದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಲು ಈ ವಿಧಾನವನ್ನು ಬಳಸುತ್ತಾರೆ. ಇಂದು ಮನುಷ್ಯರಿಗೆ ಲಭ್ಯವಿರುವ ವಂಶವಾಹಿ ಚಿಕಿತ್ಸೆಗಳಲ್ಲಿ ಹಲವು ಮೊದಲು ಇಲಿಗಳಲ್ಲಿ ಪರೀಕ್ಷೆಗೊಳಗಾದವು. ಆದರೆ ಇಲಿಯಲ್ಲಿ ಯಶಸ್ವಿಯಾದ ರವಾನೆ ಮನುಷ್ಯನಲ್ಲಿಯೂ ಹಾಗೆಯೇ ಯಶಸ್ವಿಯಾಗುತ್ತದೆ ಎಂಬ ಖಾತರಿಯಿಲ್ಲ. ಈ ಕ್ಷೇತ್ರದ ಇತಿಹಾಸದಲ್ಲಿ ಎರಡೂ ಬಗೆಯ ಉದಾಹರಣೆಗಳಿವೆ.

ಈ ಲೇಖನದಲ್ಲಿ ಇಲಿ ಎಂಬ ಪದವನ್ನು ಮಸ್ ಮಸ್ಕ್ಯುಲಸ್ ಎಂಬ ವೈಜ್ಞಾನಿಕ ಹೆಸರಿನ ಸಣ್ಣ ಇಲಿಗೆ (ಮೌಸ್) ಬಳಸಲಾಗಿದೆ. ರ‍್ಯಾಟ್ ಎನ್ನಲಾಗುವ ದೊಡ್ಡ ಇಲಿಯು ಬೇರೆಯೇ ಪ್ರಭೇದಕ್ಕೆ ಸೇರಿದೆ.

ಹಿನ್ನೆಲೆ

ಇಲಿಯ ವಂಶವಾಹಿಗಳಲ್ಲಿ ಬದಲಾವಣೆ ತರಲು ಮುಖ್ಯವಾಗಿ ಎರಡು ಮಾರ್ಗಗಳಿವೆ. ಮೊದಲನೆಯದು ಭ್ರೂಣದ ಆರಂಭದ ಹಂತದಲ್ಲಿಯೇ ಬದಲಾವಣೆ ಮಾಡುವುದು. ಫಲಿತಗೊಂಡ ಅಂಡಾಣುವಿಗೆ ಹೊಸ ವಂಶವಾಹಿಯನ್ನು ಸೇರಿಸಿದರೆ, ಹುಟ್ಟುವ ಮರಿಯ ಎಲ್ಲ ಜೀವಕೋಶಗಳಲ್ಲಿಯೂ ಅದು ಇರುತ್ತದೆ ಮತ್ತು ಮುಂದಿನ ಪೀಳಿಗೆಗೂ ಸಾಗುತ್ತದೆ. 1982ರಲ್ಲಿ ಅಮೆರಿಕದ ರಿಚರ್ಡ್ ಪಾಮಿಟರ್ ಮತ್ತು ರಾಲ್ಫ್ ಬ್ರಿನ್‌ಸ್ಟರ್ ಅವರ ತಂಡಗಳು ದೊಡ್ಡ ಇಲಿಯ ಬೆಳವಣಿಗೆ ಹಾರ್ಮೋನಿನ ವಂಶವಾಹಿಯನ್ನು ಸಣ್ಣ ಇಲಿಯ ಅಂಡಾಣುವಿಗೆ ಸೇರಿಸಿ, ಸಾಮಾನ್ಯ ಗಾತ್ರವನ್ನು ಮೀರಿ ಬೆಳೆದ ಇಲಿಗಳನ್ನು ಪಡೆದವು. ಆಯ್ದ ಒಂದು ವಂಶವಾಹಿಯನ್ನು ನಿಷ್ಕ್ರಿಯಗೊಳಿಸಿದ ಇಲಿಗಳನ್ನು ರೂಪಿಸುವ ವಿಧಾನಕ್ಕಾಗಿ ಮಾರಿಯೊ ಕಪೆಕ್ಕಿ, ಮಾರ್ಟಿನ್ ಇವಾನ್ಸ್ ಮತ್ತು ಆಲಿವರ್ ಸ್ಮಿಥೀಸ್ ಅವರಿಗೆ 2007ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

ಎರಡನೆಯ ಮಾರ್ಗವೇ ಈ ಲೇಖನದ ವಿಷಯ. ಇದರಲ್ಲಿ ಈಗಾಗಲೇ ಹುಟ್ಟಿ ಬೆಳೆದ ಇಲಿಯ ಒಂದು ಅಂಗಕ್ಕೆ ಮಾತ್ರ ವಂಶವಾಹಿಯನ್ನು ಕಳುಹಿಸಲಾಗುತ್ತದೆ. ಬದಲಾವಣೆಯು ದೇಹಕೋಶಗಳಿಗೆ ಸೀಮಿತವಾಗಿರುವಂತೆ ನೋಡಿಕೊಳ್ಳುವುದರಿಂದ ಅದು ಸಾಮಾನ್ಯವಾಗಿ ಸಂತತಿಗೆ ಹೋಗುವುದಿಲ್ಲ. ಹೊಸ ತಳಿಯೊಂದನ್ನು ರೂಪಿಸಲು ಹಲವು ತಿಂಗಳುಗಳು ಬೇಕಾದರೆ, ಈ ವಿಧಾನದಲ್ಲಿ ಕೆಲವೇ ದಿನ ಅಥವಾ ವಾರಗಳಲ್ಲಿ ಫಲಿತಾಂಶ ದೊರೆಯುತ್ತದೆ. ಭ್ರೂಣದಲ್ಲಿಯೇ ತೆಗೆದುಹಾಕಿದರೆ ಮರಿ ಹುಟ್ಟುವ ಮೊದಲೇ ಸಾಯುವಂತಹ ಅತ್ಯಗತ್ಯ ವಂಶವಾಹಿಗಳನ್ನೂ ಬೆಳೆದ ಇಲಿಯ ಒಂದೇ ಅಂಗದಲ್ಲಿ ಅಭ್ಯಸಿಸಬಹುದು. ಮನುಷ್ಯರಿಗೆ ನೀಡುವ ವಂಶವಾಹಿ ಚಿಕಿತ್ಸೆಯೂ ಹುಟ್ಟಿದ ನಂತರವೇ ನಡೆಯುವಂಥದ್ದಾದ್ದರಿಂದ ಅದಕ್ಕೆ ಇದೇ ಹತ್ತಿರದ ಮಾದರಿ.

ಇಲಿಯನ್ನು ಆರಿಸಿಕೊಳ್ಳಲು ಕಾರಣಗಳಿವೆ. ಬೆಳೆದ ಇಲಿಯ ತೂಕ ಸುಮಾರು 20ರಿಂದ 30 ಗ್ರಾಂ. ಗರ್ಭಧಾರಣೆಯ ಅವಧಿ ಸುಮಾರು 3 ವಾರ. ಮರಿಗಳು 6ರಿಂದ 8 ವಾರಗಳಲ್ಲಿ ಪ್ರೌಢಾವಸ್ಥೆಗೆ ಬರುತ್ತವೆ. ಇಲಿಯ ಜೀನೋಮಿನ ಕರಡು 2002ರಲ್ಲಿ ಪ್ರಕಟವಾಯಿತು; ಮನುಷ್ಯನ ಬಹುಪಾಲು ವಂಶವಾಹಿಗಳಿಗೆ ಇಲಿಯಲ್ಲಿ ಸಂವಾದಿಗಳಿವೆ. ಇದಲ್ಲದೆ ಸಿ57ಬಿಎಲ್/6, ಬಾಲ್ಬ್/ಸಿ ಮೊದಲಾದ ಒಳಸಂಕರಣದ ತಳಿಗಳಲ್ಲಿ ಒಂದು ಇಲಿಗೂ ಮತ್ತೊಂದಕ್ಕೂ ಆನುವಂಶಿಕ ವ್ಯತ್ಯಾಸ ಬಹುತೇಕ ಇಲ್ಲದಿರುವುದರಿಂದ ಪ್ರಯೋಗದ ಫಲಿತಾಂಶಗಳನ್ನು ಹೋಲಿಸುವುದು ಸುಲಭ.

ವಂಶವಾಹಿ ದಾಟಬೇಕಾದ ತಡೆಗಳು

ವಂಶವಾಹಿಯನ್ನು ದೇಹದೊಳಗೆ ಸೇರಿಸಿದ ಮಾತ್ರಕ್ಕೆ ಅದು ಬೇಕಾದ ಅಂಗವನ್ನು ತಲುಪುವುದಿಲ್ಲ. ವಿಳಾಸವಿಲ್ಲದ ಅಂಚೆ ಕಾಗದದಂತೆ ಅದು ದಾರಿಯಲ್ಲಿಯೇ ಕಳೆದುಹೋಗಬಹುದು. ಅದರ ಹಾದಿಯಲ್ಲಿ ಹಲವು ತಡೆಗಳಿವೆ.

ರಕ್ತ: ರಕ್ತದಲ್ಲಿರುವ ಕಿಣ್ವಗಳು ರಕ್ಷಣೆಯಿಲ್ಲದ ಡಿ.ಎನ್.ಎ.ಯನ್ನು ಕೆಲವೇ ನಿಮಿಷಗಳಲ್ಲಿ ಕತ್ತರಿಸಿಹಾಕುತ್ತವೆ. ಯಕೃತ್ತು ಮತ್ತು ಗುಲ್ಮಗಳಲ್ಲಿರುವ ಭಕ್ಷಕ ಕೋಶಗಳು ಹೊರಗಿನ ಕಣಗಳನ್ನು ಹಿಡಿದು ನುಂಗುತ್ತವೆ.

ರಕ್ತನಾಳದ ಗೋಡೆ: ಯಕೃತ್ತಿನ ಲೋಮನಾಳಗಳ ಗೋಡೆಯಲ್ಲಿ ಸುಮಾರು 100 ನ್ಯಾನೋಮೀಟರ್ ಅಗಲದ ರಂಧ್ರಗಳಿವೆ. ಆದ್ದರಿಂದ ಸೂಕ್ಷ್ಮ ಕಣಗಳು ಅಲ್ಲಿ ಸುಲಭವಾಗಿ ಹೊರಬರುತ್ತವೆ. ಮಿದುಳಿನ ಲೋಮನಾಳಗಳ ಕೋಶಗಳಾದರೋ ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿದ್ದು, ಹೆಚ್ಚಿನ ವಸ್ತುಗಳನ್ನು ಒಳಬಿಡುವುದಿಲ್ಲ. ಇದನ್ನು ರಕ್ತ–ಮಿದುಳು ತಡೆ ಎನ್ನುತ್ತಾರೆ.

ಕೋಶಪೊರೆ ಮತ್ತು ಕೋಶಕೇಂದ್ರ: ಡಿ.ಎನ್.ಎ. ಋಣ ವಿದ್ಯುದಂಶವುಳ್ಳ ದೊಡ್ಡ ಅಣು. ಕೋಶಪೊರೆಯನ್ನು ಅದು ತಾನಾಗಿ ದಾಟಲಾರದು. ಕೋಶವು ಅದನ್ನು ಒಂದು ಚೀಲದೊಳಗೆ ಸೇರಿಸಿಕೊಂಡರೂ, ಆ ಚೀಲದಿಂದ ಬಿಡಿಸಿಕೊಂಡು ಕೋಶಕೇಂದ್ರವನ್ನು ಸೇರದಿದ್ದರೆ ಅದು ಜೀರ್ಣವಾಗಿಹೋಗುತ್ತದೆ. ಸಂದೇಶವಾಹಕ ಆರ್.ಎನ್.ಎ. ಆದರೆ ಕೋಶದ್ರವ್ಯವನ್ನು ತಲುಪಿದರೆ ಸಾಕು, ಕೋಶಕೇಂದ್ರಕ್ಕೆ ಹೋಗಬೇಕಾಗಿಲ್ಲ.

ರೋಗನಿರೋಧಕ ವ್ಯವಸ್ಥೆ: ಹಿಂದೆ ಇದೇ ಬಗೆಯ ವೈರಸ್ಸಿನ ಸಂಪರ್ಕಕ್ಕೆ ಬಂದಿದ್ದ ದೇಹವು ಅದನ್ನು ಪ್ರತಿಕಾಯಗಳಿಂದ ತಡೆಯುತ್ತದೆ. ವಂಶವಾಹಿಯನ್ನು ಪಡೆದ ಜೀವಕೋಶಗಳನ್ನೇ ನಾಶಪಡಿಸುವುದೂ ಉಂಟು.

ಈ ತಡೆಗಳನ್ನು ದಾಟಿದ ವಂಶವಾಹಿ ಬೇಡದ ಅಂಗಗಳನ್ನೂ ಸೇರಬಹುದು. ಇದಕ್ಕೆ ಪರಿಹಾರವಾಗಿ ಒಂದು ನಿರ್ದಿಷ್ಟ ಬಗೆಯ ಕೋಶದಲ್ಲಿ ಮಾತ್ರ ಕೆಲಸ ಮಾಡುವ ಪ್ರವರ್ತಕವನ್ನು (ಪ್ರೊಮೋಟರ್) ವಂಶವಾಹಿಯ ಮುಂದೆ ಜೋಡಿಸುತ್ತಾರೆ. ಆಲ್ಬುಮಿನ್ ವಂಶವಾಹಿಯ ಪ್ರವರ್ತಕ ಯಕೃತ್ತಿನ ಕೋಶಗಳಲ್ಲಿಯೂ, ಸಿನಾಪ್ಸಿನ್ ವಂಶವಾಹಿಯ ಪ್ರವರ್ತಕ ನರಕೋಶಗಳಲ್ಲಿಯೂ ಕ್ರಿಯಾಶೀಲವಾಗುತ್ತದೆ. ಹೀಗಾಗಿ ಚುಚ್ಚುಮದ್ದು ಕೊಡುವ ಸ್ಥಳ, ವಾಹಕದ ಆಯ್ಕೆ ಮತ್ತು ಪ್ರವರ್ತಕ ಈ ಮೂರೂ ಸೇರಿ ವಂಶವಾಹಿ ಯಾವ ಅಂಗದಲ್ಲಿ ಕೆಲಸ ಮಾಡಬೇಕೆಂಬುದನ್ನು ನಿರ್ಧರಿಸುತ್ತವೆ.

ವಾಹಕಗಳು

ವಂಶವಾಹಿಯನ್ನು ಹೊತ್ತು ಕೋಶದೊಳಗೆ ಇಳಿಸುವ ಸಾಧನಕ್ಕೆ ವಾಹಕ (ವೆಕ್ಟರ್) ಎಂದು ಹೆಸರು. ವಾಹಕಗಳಲ್ಲಿ ವೈರಸ್ ಆಧಾರಿತ ಹಾಗೂ ವೈರಸ್‌ರಹಿತ ಎಂಬ ಎರಡು ವರ್ಗಗಳಿವೆ.

ವೈರಸ್ ಆಧಾರಿತ ವಾಹಕಗಳು

ಜೀವಕೋಶದೊಳಗೆ ತನ್ನ ವಂಶವಾಹಿಗಳನ್ನು ಸೇರಿಸುವುದು ವೈರಸ್ಸಿನ ಸ್ವಭಾವ. ವೃದ್ಧಿಯಾಗಲು ಬೇಕಾದ ಭಾಗಗಳನ್ನು ಅದರಿಂದ ತೆಗೆದು, ಆ ಜಾಗದಲ್ಲಿ ಸಂಶೋಧಕರಿಗೆ ಬೇಕಾದ ವಂಶವಾಹಿಯನ್ನು ಇಡಲಾಗುತ್ತದೆ.

ಅಡಿನೋವೈರಸ್ ಯಕೃತ್ತಿನ ಕೋಶಗಳಿಗೆ ಬಹಳ ಸಮರ್ಥವಾಗಿ ವಂಶವಾಹಿಯನ್ನು ತಲುಪಿಸುತ್ತದೆ. ಆದರೆ ಅದು ಪ್ರಬಲ ರೋಗನಿರೋಧಕ ಪ್ರತಿಕ್ರಿಯೆಯನ್ನು ಉಂಟುಮಾಡುವುದರಿಂದ ಪರಿಣಾಮ ಹೆಚ್ಚು ಕಾಲ ಉಳಿಯುವುದಿಲ್ಲ.

ಲೆಂಟಿವೈರಸ್ ವಾಹಕಗಳನ್ನು ಎಚ್.ಐ.ವಿ. ಮೊದಲಾದ ವೈರಸ್‌ಗಳಿಂದ ರೂಪಿಸಲಾಗಿದೆ. ಇವು ತಾವು ಹೊತ್ತ ವಂಶವಾಹಿಯನ್ನು ಕೋಶದ ವರ್ಣತಂತುವಿನಲ್ಲಿಯೇ ಸೇರಿಸುತ್ತವೆ. ಕೋಶ ವಿಭಜನೆಯಾದರೂ ವಂಶವಾಹಿ ಕಳೆದುಹೋಗುವುದಿಲ್ಲ. ಸೇರುವ ಜಾಗ ನಿಶ್ಚಿತವಲ್ಲದ ಕಾರಣ ಬೇರೊಂದು ವಂಶವಾಹಿಗೆ ಹಾನಿಯಾಗುವ ಸಾಧ್ಯತೆಯಿರುತ್ತದೆ.

ಅಡಿನೋ-ಸಂಬಂಧಿತ ವೈರಸ್ (ಎಎವಿ) ಇಂದು ಇಲಿಗಳಲ್ಲಿ ಅತ್ಯಂತ ವ್ಯಾಪಕವಾಗಿ ಬಳಕೆಯಾಗುವ ವಾಹಕಗಳಲ್ಲೊಂದು. ಇದನ್ನು 1965ರಲ್ಲಿ ಅಡಿನೋವೈರಸ್ ಮಾದರಿಗಳಲ್ಲಿ ಬೆರೆತಿದ್ದ ಸಣ್ಣ ಕಣಗಳಾಗಿ ಗುರುತಿಸಲಾಯಿತು. ವೃದ್ಧಿಯಾಗಲು ಇದಕ್ಕೆ ಇನ್ನೊಂದು ವೈರಸ್ಸಿನ ನೆರವು ಬೇಕು. ಇದು ಮನುಷ್ಯರಲ್ಲಿ ರೋಗ ತರುವ ವೈರಸ್ ಎಂದು ಗುರುತಿಸಲ್ಪಟ್ಟಿಲ್ಲ. ಕಣದ ವ್ಯಾಸ ಸುಮಾರು 25 ನ್ಯಾನೋಮೀಟರ್. ಇದರ ದೊಡ್ಡ ಮಿತಿಯೆಂದರೆ ಸುಮಾರು 4,700 ಅಕ್ಷರಗಳಷ್ಟು ಉದ್ದದ ಡಿ.ಎನ್.ಎ. ಮಾತ್ರ ಇದರೊಳಗೆ ಹಿಡಿಯುತ್ತದೆ. ಸ್ನಾಯುಕ್ಷಯ ರೋಗಕ್ಕೆ ಸಂಬಂಧಿಸಿದ ಡಿಸ್ಟ್ರೋಫಿನ್ ಪ್ರೋಟೀನಿನ ಸಂಕೇತ ಭಾಗವೇ ಸುಮಾರು 11,000 ಅಕ್ಷರಗಳಷ್ಟಿದೆ. ಹೀಗಾಗಿ ಅದರ ಮೊಟಕುಗೊಳಿಸಿದ ರೂಪವನ್ನು ಬಳಸಬೇಕಾಗುತ್ತದೆ. ಈ ವೈರಸ್ಸಿನ ಬೇರೆ ಬೇರೆ ಬಗೆಗಳಿಗೆ ಬೇರೆ ಬೇರೆ ಅಂಗಗಳ ಒಲವಿದೆ: ಎಎವಿ8 ಇಲಿಯ ಯಕೃತ್ತಿಗೂ, ಎಎವಿ9 ಹೃದಯ, ಸ್ನಾಯು ಹಾಗೂ ನರಮಂಡಲಕ್ಕೂ ಚೆನ್ನಾಗಿ ತಲುಪುತ್ತವೆ. ಯಕೃತ್ತಿಗೆ ಅಥವಾ ಇಡೀ ದೇಹಕ್ಕೆ ರವಾನಿಸಲು ಒಂದು ಇಲಿಗೆ ಸಾಮಾನ್ಯವಾಗಿ ಹತ್ತು ಸಾವಿರ ಕೋಟಿಯಿಂದ ಒಂದು ಲಕ್ಷ ಕೋಟಿಯವರೆಗೆ ಕಣಗಳನ್ನು ನೀಡಲಾಗುತ್ತದೆ.

ವೈರಸ್‌ರಹಿತ ವಿಧಾನಗಳು

ಬ್ಯಾಕ್ಟೀರಿಯಾಗಳಲ್ಲಿ ಬೆಳೆಸಿ ಶುದ್ಧೀಕರಿಸಿದ ಉಂಗುರಾಕಾರದ ಡಿ.ಎನ್.ಎ.ಗೆ ಪ್ಲಾಸ್ಮಿಡ್ ಎಂದು ಹೆಸರು. ಇದನ್ನು ತಯಾರಿಸುವುದು ವೈರಸ್ ವಾಹಕಕ್ಕಿಂತ ಅಗ್ಗ ಮತ್ತು ಸುಲಭ. ಉದ್ದದ ಮಿತಿಯೂ ಕಡಿಮೆ. ಆದರೆ ಅದನ್ನು ಕೋಶದೊಳಗೆ ನುಗ್ಗಿಸಲು ಬೇರೆ ಉಪಾಯ ಬೇಕು. ಅಂತಹ ಉಪಾಯಗಳಲ್ಲಿ ಮುಖ್ಯವಾದವು ಮೂರು: ಒತ್ತಡದ ಬಳಕೆ, ವಿದ್ಯುತ್ ಮಿಡಿತದ ಬಳಕೆ (ಎಲೆಕ್ಟ್ರೊಪೊರೇಷನ್) ಮತ್ತು ಕೊಬ್ಬಿನ ಕಣಗಳ ಬಳಕೆ.

ಕೊಬ್ಬಿನ ನ್ಯಾನೋಕಣಗಳು (ಲಿಪಿಡ್ ನ್ಯಾನೋಪಾರ್ಟಿಕಲ್) ವಿಶೇಷವಾಗಿ ಆರ್.ಎನ್.ಎ. ರವಾನೆಗೆ ಉಪಯುಕ್ತ. ರಕ್ತಕ್ಕೆ ಸೇರಿದ ಇಂತಹ ಕಣಗಳ ಮೇಲೆ ಅಪೊಲಿಪೊಪ್ರೋಟೀನ್ ಇ ಎಂಬ ಪ್ರೋಟೀನು ಅಂಟಿಕೊಳ್ಳುತ್ತದೆ. ಯಕೃತ್ತಿನ ಕೋಶಗಳು ಅದನ್ನು ಗುರುತಿಸಿ ಕಣವನ್ನು ಒಳಗೆಳೆದುಕೊಳ್ಳುತ್ತವೆ. ಈ ಕಾರಣದಿಂದ ಹೆಚ್ಚಿನ ಕಣಗಳು ಯಕೃತ್ತಿನಲ್ಲಿಯೇ ಸೇರಿಬಿಡುತ್ತವೆ. 2020ರಲ್ಲಿ ಅಮೆರಿಕದ ಟೆಕ್ಸಾಸ್‌ನ ಸಂಶೋಧಕರು ಕಣದ ವಿದ್ಯುದಂಶವನ್ನು ಹೆಚ್ಚುಕಡಿಮೆ ಮಾಡುವ ಇನ್ನೊಂದು ಕೊಬ್ಬನ್ನು ಬೆರೆಸಿ, ಇಲಿಗಳಲ್ಲಿ ಆ ಕಣಗಳು ಶ್ವಾಸಕೋಶಕ್ಕೆ ಅಥವಾ ಗುಲ್ಮಕ್ಕೆ ಹೋಗುವಂತೆ ಮಾಡಬಹುದೆಂದು ತೋರಿಸಿದರು.

ಅಂಗವಾರು ವಿಧಾನಗಳು

ಸ್ನಾಯು

1990ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜಾನ್ ವುಲ್ಫ್ ಮತ್ತು ಸಂಗಡಿಗರು ಯಾವುದೇ ವಾಹಕದ ನೆರವಿಲ್ಲದೆ ಬರಿಯ ಡಿ.ಎನ್.ಎ. ಹಾಗೂ ಆರ್.ಎನ್.ಎ.ಯನ್ನು ಇಲಿಯ ಕಾಲಿನ ಸ್ನಾಯುವಿಗೆ ಚುಚ್ಚಿದಾಗ, ಸ್ನಾಯುಕೋಶಗಳು ಅದರಲ್ಲಿದ್ದ ಸೂಚನೆಯಂತೆ ಪ್ರೋಟೀನನ್ನು ತಯಾರಿಸಿದವು. ಡಿ.ಎನ್.ಎ. ನೀಡಿದಾಗ ಈ ಚಟುವಟಿಕೆ ಕನಿಷ್ಠ 2 ತಿಂಗಳವರೆಗೆ ಕಂಡುಬಂದಿತು. ಡಿ.ಎನ್.ಎ. ಮತ್ತು ಆರ್.ಎನ್.ಎ. ಲಸಿಕೆಗಳ ಚಿಂತನೆಗೆ ಈ ಪ್ರಯೋಗ ಒಂದು ಆಧಾರವಾಯಿತು. 1998ರಲ್ಲಿ ಜಪಾನಿನ ಸಂಶೋಧಕರು ಚುಚ್ಚುಮದ್ದಿನ ನಂತರ ಸ್ನಾಯುವಿಗೆ ಲಘುವಾದ ವಿದ್ಯುತ್ ಮಿಡಿತಗಳನ್ನು ನೀಡಿದರೆ ಪರಿಣಾಮ ಹಲವು ಪಟ್ಟು ಹೆಚ್ಚುತ್ತದೆಂದು ತೋರಿಸಿದರು. ಮಿಡಿತಗಳು ಕೋಶಪೊರೆಯಲ್ಲಿ ಕ್ಷಣಿಕವಾದ ರಂಧ್ರಗಳನ್ನು ಮಾಡುವುದೇ ಇದಕ್ಕೆ ಕಾರಣ.

ಯಕೃತ್ತು

ಯಕೃತ್ತಿಗೆ ಪ್ಲಾಸ್ಮಿಡ್ ತಲುಪಿಸಲು ಜಲಒತ್ತಡದ ಚುಚ್ಚುಮದ್ದು (ಹೈಡ್ರೊಡೈನಾಮಿಕ್ ವಿಧಾನ) ಪ್ರಸಿದ್ಧವಾಗಿದೆ. 1999ರಲ್ಲಿ ಅಮೆರಿಕದ ಎರಡು ತಂಡಗಳು ಇದನ್ನು ಪ್ರತ್ಯೇಕವಾಗಿ ಪ್ರಕಟಿಸಿದವು. ಇದರಲ್ಲಿ ಇಲಿಯ ದೇಹತೂಕದ ಶೇಕಡ 8ರಿಂದ 10ರಷ್ಟು ಪ್ರಮಾಣದ ಲವಣದ್ರಾವಣದಲ್ಲಿ ಪ್ಲಾಸ್ಮಿಡನ್ನು ಬೆರೆಸಿ, ಬಾಲದ ಅಭಿಧಮನಿಯ ಮೂಲಕ 5ರಿಂದ 7 ಸೆಕೆಂಡುಗಳಲ್ಲಿ ಸೇರಿಸಲಾಗುತ್ತದೆ. 20 ಗ್ರಾಂ ತೂಕದ ಇಲಿಗೆ ಇದು ಸುಮಾರು 2 ಮಿಲಿಲೀಟರ್ ಆಗುತ್ತದೆ. ಅದರ ದೇಹದಲ್ಲಿರುವ ಒಟ್ಟು ರಕ್ತವೇ ಸುಮಾರು ಒಂದೂವರೆ ಮಿಲಿಲೀಟರ್. ಇಷ್ಟು ದ್ರವವನ್ನು ಹೃದಯ ಒಮ್ಮೆಲೇ ಮುಂದೂಡಲಾರದೆ, ಅದು ಮಹಾ ಅಭಿಧಮನಿಯಿಂದ ಹಿಮ್ಮುಖವಾಗಿ ಯಕೃತ್ತಿಗೆ ನುಗ್ಗುತ್ತದೆ. ಒತ್ತಡಕ್ಕೆ ಲೋಮನಾಳಗಳ ರಂಧ್ರಗಳು ಹಿಗ್ಗಿ, ಕೋಶಪೊರೆಗಳಲ್ಲಿಯೂ ಕ್ಷಣಕಾಲ ಬಿರುಕುಗಳುಂಟಾಗಿ ಡಿ.ಎನ್.ಎ. ಒಳಸೇರುತ್ತದೆ. ಯಶಸ್ವಿಯಾದ ಪ್ರಯೋಗಗಳಲ್ಲಿ ಯಕೃತ್ತಿನ ಕೋಶಗಳ ಪೈಕಿ ಶೇಕಡ 40ರವರೆಗೆ ವಂಶವಾಹಿಯನ್ನು ಪಡೆದದ್ದುಂಟು. ಯಕೃತ್ತಿಗೆ ಆಗುವ ಪೆಟ್ಟು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಮಾಯುತ್ತದೆ. ಇದೇ ಅನುಪಾತದಲ್ಲಿ 60 ಕಿಲೋಗ್ರಾಂ ತೂಕದ ಮನುಷ್ಯನಿಗೆ 5ರಿಂದ 6 ಲೀಟರ್ ದ್ರವವನ್ನು ಕೆಲವೇ ಸೆಕೆಂಡುಗಳಲ್ಲಿ ನೀಡಬೇಕಾಗುವುದರಿಂದ, ಈ ವಿಧಾನ ಇದ್ದ ರೂಪದಲ್ಲಿ ಮನುಷ್ಯರಿಗೆ ಅನ್ವಯಿಸುವಂಥದ್ದಲ್ಲ.

ಸಂಶೋಧನೆಗೆ ಮಾತ್ರ ಇದರ ಉಪಯೋಗ ಬಹಳ. ಹೆಪಟೈಟಿಸ್ ಬಿ ವೈರಸ್ ಇಲಿಗಳಿಗೆ ಸೋಂಕು ತಗಲಿಸುವುದಿಲ್ಲ. 2002ರಲ್ಲಿ ಆ ವೈರಸ್ಸಿನ ಡಿ.ಎನ್.ಎ.ಯನ್ನು ಈ ವಿಧಾನದಿಂದ ಇಲಿಯ ಯಕೃತ್ತಿಗೆ ಸೇರಿಸಿ, ದೇಹವು ವೈರಸ್ಸನ್ನು ಹೇಗೆ ಹೊರಹಾಕುತ್ತದೆಂಬುದನ್ನು ಅಭ್ಯಸಿಸಲಾಯಿತು. 2014ರಲ್ಲಿ ಅಮೆರಿಕದ ಮೆಸಾಚುಸೆಟ್ಸ್‌ನ ಸಂಶೋಧಕರು ಕ್ರಿಸ್ಪರ್ ಕತ್ತರಿಯನ್ನು ಇದೇ ರೀತಿ ಕಳುಹಿಸಿ, ಟೈರೋಸಿನೀಮಿಯಾ ಎಂಬ ಆನುವಂಶಿಕ ಯಕೃತ್ತಿನ ರೋಗವಿದ್ದ ಬೆಳೆದ ಇಲಿಗಳಲ್ಲಿ ತಪ್ಪಾದ ಅಕ್ಷರವನ್ನು ತಿದ್ದಿದರು. ಮೊದಲಿಗೆ ತಿದ್ದುಪಡಿಯಾದದ್ದು ಸುಮಾರು 250 ಕೋಶಗಳಲ್ಲಿ ಒಂದು ಮಾತ್ರ. ಆದರೆ ಆರೋಗ್ಯವಂತ ಕೋಶಗಳು ವೃದ್ಧಿಯಾಗುತ್ತ ಹೋಗಿ, ತೂಕ ಕಳೆದುಕೊಳ್ಳಬೇಕಾಗಿದ್ದ ಇಲಿಗಳು ಚೇತರಿಸಿಕೊಂಡವು.

ಪ್ಲಾಸ್ಮಿಡ್ ಕೋಶದ ವರ್ಣತಂತುವಿಗೆ ಸೇರಿಕೊಳ್ಳದ ಕಾರಣ ಅದರ ಪರಿಣಾಮ ಕಾಲಕ್ರಮೇಣ ಕುಂದುತ್ತದೆ. ಇದನ್ನು ನಿವಾರಿಸಲು ಸ್ಲೀಪಿಂಗ್ ಬ್ಯೂಟಿ ಎಂಬ ಜಿಗಿಯುವ ಡಿ.ಎನ್.ಎ. ವ್ಯವಸ್ಥೆಯನ್ನು ಬಳಸುತ್ತಾರೆ. ಮೀನುಗಳ ಜೀನೋಮಿನಲ್ಲಿ ಬಹುಕಾಲದಿಂದ ನಿಷ್ಕ್ರಿಯವಾಗಿದ್ದ ಅಂಶವನ್ನು 1997ರಲ್ಲಿ ಪ್ರಯೋಗಾಲಯದಲ್ಲಿ ಪುನಾರಚಿಸಿದ್ದರಿಂದ ಅದಕ್ಕೆ ಈ ಹೆಸರು. 2000ದಲ್ಲಿ ಇದರ ನೆರವಿನಿಂದ ಇಲಿಯ ಯಕೃತ್ತಿನಲ್ಲಿ ರಕ್ತ ಹೆಪ್ಪುಗಟ್ಟಲು ಬೇಕಾದ 9ನೆಯ ಅಂಶದ ದೀರ್ಘಕಾಲಿಕ ಉತ್ಪಾದನೆ ಸಾಧ್ಯವಾಯಿತು.

ಮಿದುಳು ಮತ್ತು ಮಿದುಳುಬಳ್ಳಿ

ಮಿದುಳಿನ ನಿರ್ದಿಷ್ಟ ಭಾಗಕ್ಕೆ ವಂಶವಾಹಿ ಕಳುಹಿಸಲು ಅರಿವಳಿಕೆ ನೀಡಿದ ಇಲಿಯ ತಲೆಯನ್ನು ಒಂದು ಚೌಕಟ್ಟಿನಲ್ಲಿ ಅಲುಗದಂತೆ ಇರಿಸಿ, ನಕಾಶೆಯ ಪ್ರಕಾರ ಅಳೆದ ಸ್ಥಳದಲ್ಲಿ ಅತಿ ತೆಳುವಾದ ಸೂಜಿಯಿಂದ ವಾಹಕವನ್ನು ಇಳಿಸುತ್ತಾರೆ. ಬೆಳಕಿಗೆ ಸ್ಪಂದಿಸುವ ಪ್ರೋಟೀನುಗಳ ವಂಶವಾಹಿಯನ್ನು ಹೀಗೆ ಸೇರಿಸಿ, ಆಯ್ದ ನರಕೋಶಗಳನ್ನು ಬೆಳಕಿನಿಂದ ಚುರುಕುಗೊಳಿಸುವ ಅಧ್ಯಯನಗಳು ನರವಿಜ್ಞಾನದಲ್ಲಿ ಸಾಮಾನ್ಯವಾಗಿವೆ. 2001ರಿಂದ ಗರ್ಭಾಶಯದಲ್ಲಿರುವ ಮರಿಯ ಮಿದುಳಿಗೆ ಪ್ಲಾಸ್ಮಿಡ್ ಚುಚ್ಚಿ, ವಿದ್ಯುತ್ ಮಿಡಿತ ನೀಡುವ ವಿಧಾನವೂ ಬಳಕೆಯಲ್ಲಿದೆ.

ಇಡೀ ನರಮಂಡಲಕ್ಕೆ ರಕ್ತದ ಮೂಲಕವೇ ತಲುಪಬಹುದೆಂಬುದು 2009ರಲ್ಲಿ ಸ್ಪಷ್ಟವಾಯಿತು. ಅಮೆರಿಕದ ಒಹಾಯೊದ ಸಂಶೋಧಕರು ನವಜಾತ ಇಲಿಮರಿಗಳ ಮುಖದ ಅಭಿಧಮನಿಗೆ ಎಎವಿ9 ನೀಡಿದಾಗ, ಅದು ರಕ್ತ–ಮಿದುಳು ತಡೆಯನ್ನು ದಾಟಿ ಮಿದುಳುಬಳ್ಳಿಯ ಚಾಲಕ ನರಕೋಶಗಳನ್ನು ಸೇರಿತು. ಬೆಳೆದ ಇಲಿಗಳಲ್ಲಿಯಾದರೋ ಅದು ಹೆಚ್ಚಾಗಿ ನರಕೋಶಗಳಿಗೆ ಆಸರೆಯಾಗಿರುವ ಆಸ್ಟ್ರೋಸೈಟ್ ಕೋಶಗಳಿಗೆ ಹೋಯಿತು.

ಕಣ್ಣು

ಇಲಿಯ ಕಣ್ಣಿನ ವ್ಯಾಸ ಸುಮಾರು 3 ಮಿಲಿಮೀಟರ್ ಮಾತ್ರ. ಅಕ್ಷಿಪಟಲದ ಹಿಂಬದಿಗೆ ಸುಮಾರು ಒಂದು ಮೈಕ್ರೋಲೀಟರ್‌ನಷ್ಟು ದ್ರವವನ್ನು ಸೇರಿಸಲಾಗುತ್ತದೆ. ಕಣ್ಣು ದೇಹದ ಉಳಿದ ಭಾಗಗಳಿಂದ ಬಹುಮಟ್ಟಿಗೆ ಪ್ರತ್ಯೇಕವಾಗಿರುವುದರಿಂದ ಅಲ್ಪ ಪ್ರಮಾಣದ ವಾಹಕ ಸಾಕಾಗುತ್ತದೆ, ರೋಗನಿರೋಧಕ ಪ್ರತಿಕ್ರಿಯೆಯೂ ಕಡಿಮೆ. ಒಂದು ಕಣ್ಣಿಗೆ ಚಿಕಿತ್ಸೆ ನೀಡಿ ಇನ್ನೊಂದನ್ನು ಹೋಲಿಕೆಗೆ ಉಳಿಸಿಕೊಳ್ಳಬಹುದು. ಆರ್‌ಪಿಇ65 ವಂಶವಾಹಿಯ ದೋಷದಿಂದ ಬರುವ ಅಂಧತ್ವಕ್ಕೆ ಇಲಿ ಮತ್ತು ನಾಯಿಗಳಲ್ಲಿ ನಡೆದ ಇಂತಹ ಪ್ರಯೋಗಗಳ ನಂತರ, ಮನುಷ್ಯರಿಗಾಗಿ ರೂಪಿಸಿದ ಚಿಕಿತ್ಸೆಗೆ 2017ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಶ್ವಾಸಕೋಶ ಮತ್ತು ಇತರ ಅಂಗಗಳು

ಶ್ವಾಸಕೋಶಕ್ಕೆ ಮೂಗು ಅಥವಾ ಶ್ವಾಸನಾಳದ ಮೂಲಕ ವಾಹಕವನ್ನು ನೀಡುತ್ತಾರೆ. 1993ರಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ರೋಗದ ಇಲಿಗಳ ಶ್ವಾಸಮಾರ್ಗಕ್ಕೆ ಸರಿಯಾದ ವಂಶವಾಹಿಯನ್ನು ಕೊಬ್ಬಿನ ಕಣಗಳ ಮೂಲಕ ತಲುಪಿಸಿ, ಕೋಶಗಳ ಲವಣ ಸಾಗಣೆಯ ದೋಷವನ್ನು ಸರಿಪಡಿಸಿದ ವರದಿ ಬಂದಿತು. ಶ್ವಾಸಕೋಶದ ಕ್ಯಾನ್ಸರ್ ಅಧ್ಯಯನಕ್ಕೂ ಇದೇ ದಾರಿ ಉಪಯೋಗವಾಗಿದೆ. ಕ್ಯಾನ್ಸರ್‌ಕಾರಕ ವಂಶವಾಹಿಯೊಂದನ್ನು ಮೊದಲೇ ಬೀಗ ಹಾಕಿ ಇರಿಸಿದ ತಳಿಯ ಇಲಿಗೆ, ಆ ಬೀಗ ತೆಗೆಯುವ ಕ್ರೀ ಎಂಬ ಕಿಣ್ವದ ವಂಶವಾಹಿಯನ್ನು ಅಡಿನೋವೈರಸ್ ಮೂಲಕ ಶ್ವಾಸಕೋಶಕ್ಕೆ ನೀಡಿದರೆ, ಗಡ್ಡೆ ಶ್ವಾಸಕೋಶದಲ್ಲಿ ಮಾತ್ರ ಬೆಳೆಯುತ್ತದೆ. ಮೂತ್ರಪಿಂಡಕ್ಕೆ ಅದರ ಅಭಿಧಮನಿಯ ಅಥವಾ ಮೂತ್ರನಾಳದ ಮೂಲಕವೂ, ಮೇದೋಜೀರಕ ಗ್ರಂಥಿಗೆ ಅದರ ನಾಳದ ಮೂಲಕವೂ ವಂಶವಾಹಿಯನ್ನು ಕಳುಹಿಸುತ್ತಾರೆ. ಈ ಅಂಗಗಳಲ್ಲಿ ರವಾನೆ ಯಕೃತ್ತಿಗಿಂತ ಕಷ್ಟಕರ.

ಫಲಿತಾಂಶವನ್ನು ಗುರುತಿಸುವುದು

ವಂಶವಾಹಿ ಎಲ್ಲಿಗೆ ತಲುಪಿತೆಂಬುದನ್ನು ತಿಳಿಯಲು ಸೂಚಕ ವಂಶವಾಹಿಗಳನ್ನು ಬಳಸುತ್ತಾರೆ. ಮಿಂಚುಹುಳುವಿನ ಲೂಸಿಫರೇಸ್ ಕಿಣ್ವದ ವಂಶವಾಹಿಯನ್ನು ಪಡೆದ ಇಲಿಗೆ ಲೂಸಿಫೆರಿನ್ ಎಂಬ ವಸ್ತುವನ್ನು ನೀಡಿದರೆ, ಆ ಅಂಗದಿಂದ ಮಂದವಾದ ಬೆಳಕು ಹೊಮ್ಮುತ್ತದೆ. ಅದನ್ನು ಸೂಕ್ಷ್ಮಗ್ರಾಹಿ ಕ್ಯಾಮೆರಾ ಗುರುತಿಸುತ್ತದೆ. ಇದರಿಂದ ಒಂದೇ ಇಲಿಯನ್ನು ಕೊಲ್ಲದೆ ಹಲವು ದಿನಗಳ ಕಾಲ ಗಮನಿಸಬಹುದು. ಜೆಲ್ಲಿಮೀನಿನ ಹಸಿರು ಪ್ರತಿದೀಪ್ತಿ ಪ್ರೋಟೀನು ಸೂಕ್ಷ್ಮದರ್ಶಕದಲ್ಲಿ ಒಂದೊಂದು ಕೋಶವನ್ನೂ ತೋರಿಸಿಕೊಡುತ್ತದೆ. ಈ ಪ್ರೋಟೀನಿನ ಸಂಶೋಧನೆಗೆ ಒಸಾಮು ಶಿಮೊಮುರಾ, ಮಾರ್ಟಿನ್ ಚಾಲ್ಫಿ ಮತ್ತು ರೋಜರ್ ಚೆನ್ ಅವರಿಗೆ 2008ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು.

ಫಲಿತಾಂಶವನ್ನು ನಂಬಬೇಕಾದರೆ ಹೋಲಿಕೆಯ ಗುಂಪು ಅಗತ್ಯ. ಉಪಯುಕ್ತ ವಂಶವಾಹಿಯಿಲ್ಲದ ಖಾಲಿ ವಾಹಕವನ್ನು ಪಡೆದ ಇಲಿಗಳೊಂದಿಗೆ ಹೋಲಿಸದಿದ್ದರೆ, ಕಂಡುಬಂದ ಬದಲಾವಣೆ ವಂಶವಾಹಿಯಿಂದಾದದ್ದೋ ಚುಚ್ಚುಮದ್ದಿನಿಂದಲೇ ಆದದ್ದೋ ಹೇಳಲಾಗದು.

ಇಲಿಯಿಂದ ಮನುಷ್ಯನೆಡೆಗೆ

ಯಶಸ್ಸಿನ ಪ್ರಮುಖ ಉದಾಹರಣೆ ಬೆನ್ನುಹುರಿಯ ಸ್ನಾಯುಕ್ಷಯ (ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ). ಈ ರೋಗವಿರುವ ಇಲಿಮರಿಗಳು ಚಿಕಿತ್ಸೆಯಿಲ್ಲದಿದ್ದರೆ ಸುಮಾರು ಎರಡು ವಾರ ಬದುಕುತ್ತವೆ. 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹುಟ್ಟಿದ ಮೊದಲ ದಿನವೇ ಎಎವಿ9 ಮೂಲಕ ಸರಿಯಾದ ವಂಶವಾಹಿಯನ್ನು ಪಡೆದ ಮರಿಗಳು 250 ದಿನಗಳನ್ನು ಮೀರಿ ಬದುಕಿದವು. ಐದನೆಯ ದಿನ ನೀಡಿದಾಗ ಪ್ರಯೋಜನ ಭಾಗಶಃ ಮಾತ್ರ ಕಂಡಿತು. ಹತ್ತನೆಯ ದಿನ ನೀಡಿದಾಗ ಹೆಚ್ಚೇನೂ ಪ್ರಯೋಜನವಾಗಲಿಲ್ಲ. ಚಿಕಿತ್ಸೆ ಎಷ್ಟು ಬೇಗ ನಡೆದರೆ ಅಷ್ಟು ಒಳ್ಳೆಯದೆಂಬ ಪಾಠ ಇಲ್ಲಿ ದೊರೆಯಿತು. ಇದೇ ವಾಹಕವನ್ನು ಆಧರಿಸಿದ ಜೊಲ್ಜೆನ್ಸ್ಮಾ ಎಂಬ ಔಷಧಕ್ಕೆ 2019ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ 2 ವರ್ಷದೊಳಗಿನ ಮಕ್ಕಳ ಚಿಕಿತ್ಸೆಗಾಗಿ ಅನುಮತಿ ನೀಡಲಾಯಿತು.

ಎಚ್ಚರಿಕೆಯ ಉದಾಹರಣೆಗಳೂ ಇವೆ. ಯಕೃತ್ತಿನ ಓ.ಟಿ.ಸಿ. ಕಿಣ್ವದ ಕೊರತೆಗೆ ಅಡಿನೋವೈರಸ್ ಮೂಲಕ ವಂಶವಾಹಿ ನೀಡುವ ವಿಧಾನ ಇಲಿಗಳಲ್ಲಿ ಫಲ ನೀಡಿತ್ತು. ಆದರೆ 1999ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಇದರ ಮಾನವ ಪ್ರಯೋಗದಲ್ಲಿ ಭಾಗವಹಿಸಿದ್ದ 18 ವರ್ಷದ ಜೆಸ್ಸಿ ಗೆಲ್ಸಿಂಗರ್, ವಾಹಕದ ವಿರುದ್ಧ ದೇಹ ತೋರಿದ ತೀವ್ರ ಪ್ರತಿಕ್ರಿಯೆಯಿಂದ 4 ದಿನಗಳಲ್ಲಿ ಮೃತಪಟ್ಟನು. ಈ ಘಟನೆ ವಂಶವಾಹಿ ಚಿಕಿತ್ಸೆಯ ನಿಯಮಗಳನ್ನು ಬಿಗಿಗೊಳಿಸಲು ಕಾರಣವಾಯಿತು.

ಹಿಮೋಫಿಲಿಯಾ ಬಿ ರೋಗಕ್ಕೆ ಎಎವಿ ವಾಹಕ ಇಲಿ ಮತ್ತು ನಾಯಿಗಳಲ್ಲಿ ದೀರ್ಘಕಾಲ ಕೆಲಸ ಮಾಡಿತ್ತು. 2006ರಲ್ಲಿ ಪ್ರಕಟವಾದ ಮಾನವ ಪ್ರಯೋಗದಲ್ಲಿ ಅದರ ಪರಿಣಾಮ ಸುಮಾರು 8 ವಾರಗಳಲ್ಲಿ ಕುಸಿಯಿತು. ಮನುಷ್ಯರು ಸಾಮಾನ್ಯವಾಗಿ ಬಾಲ್ಯದಲ್ಲಿಯೇ ಈ ವೈರಸ್ಸಿನ ಸಂಪರ್ಕಕ್ಕೆ ಬಂದಿರುತ್ತಾರೆ. ಸ್ವಚ್ಛ ಪಂಜರದಲ್ಲಿ ಬೆಳೆದ ಇಲಿಗಳಿಗೆ ಅಂತಹ ಸ್ಮೃತಿ ಇರುವುದಿಲ್ಲ. ನಂತರದ ಪ್ರಯೋಗಗಳಲ್ಲಿ ಬೇರೆ ಬಗೆಯ ಎಎವಿ ಹಾಗೂ ರೋಗನಿರೋಧಕ ಪ್ರತಿಕ್ರಿಯೆಯನ್ನು ತಗ್ಗಿಸುವ ಔಷಧಗಳಿಂದ ಈ ತೊಡಕನ್ನು ಬಹುಮಟ್ಟಿಗೆ ದಾಟಲಾಯಿತು.

ಮೂರನೆಯ ಉದಾಹರಣೆ ಇನ್ನೂ ಸೂಕ್ಷ್ಮವಾದದ್ದು. 2016ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯ ತಂಡವು ಎಎವಿ-ಪಿಎಚ್‌ಪಿ.ಬಿ ಎಂಬ ಹೊಸ ವಾಹಕವನ್ನು ಪ್ರಕಟಿಸಿತು. ಅದು ಬೆಳೆದ ಇಲಿಯ ಮಿದುಳಿಗೆ ಎಎವಿ9ಕ್ಕಿಂತ ಕನಿಷ್ಠ 40 ಪಟ್ಟು ಹೆಚ್ಚು ಸಮರ್ಥವಾಗಿ ತಲುಪಿತು. ಆದರೆ ಬೇರೆಯವರು ಪರೀಕ್ಷಿಸಿದಾಗ ಸಿ57ಬಿಎಲ್/6 ತಳಿಯಲ್ಲಿ ಕಂಡ ಈ ಗುಣ ಬಾಲ್ಬ್/ಸಿ ತಳಿಯಲ್ಲಿಯೂ, ಮಂಗಗಳಲ್ಲಿಯೂ ಕಾಣಲಿಲ್ಲ. 2019ರಲ್ಲಿ ಕಾರಣ ತಿಳಿಯಿತು: ಈ ವಾಹಕ ಮಿದುಳಿನ ಲೋಮನಾಳಗಳ ಮೇಲಿರುವ ಎಲ್‌ವೈ6ಎ ಎಂಬ ಪ್ರೋಟೀನನ್ನು ಹಿಡಿದು ಒಳಹೋಗುತ್ತದೆ. ಆ ಪ್ರೋಟೀನಿನ ಸೂಕ್ತ ರೂಪ ಕೆಲವು ಇಲಿ ತಳಿಗಳಲ್ಲಿ ಮಾತ್ರ ಇದೆ. ಮನುಷ್ಯ ಹಾಗೂ ಮಂಗಗಳಲ್ಲಿ ಇದಕ್ಕೆ ನೇರ ಸಂವಾದಿಯಿಲ್ಲ. ಒಂದೇ ತಳಿಯ ಇಲಿಯಲ್ಲಿ ದೊರೆತ ಫಲಿತಾಂಶವನ್ನು ಎಲ್ಲ ಸಸ್ತನಿಗಳಿಗೂ ವಿಸ್ತರಿಸಬಾರದೆಂಬುದಕ್ಕೆ ಇದನ್ನು ಉದಾಹರಣೆಯಾಗಿ ನೀಡಲಾಗುತ್ತದೆ.

ಇದಕ್ಕೆ ವಿರುದ್ಧವಾಗಿ ಇಲಿಗಳು ಮುಂಚಿತವಾಗಿ ಅಪಾಯವನ್ನು ತೋರಿಸಿಕೊಟ್ಟದ್ದೂ ಇದೆ. ನವಜಾತ ಇಲಿಗಳಿಗೆ ಎಎವಿ ನೀಡಿದ ಕೆಲವು ಪ್ರಯೋಗಗಳಲ್ಲಿ ವಾಹಕದ ಡಿ.ಎನ್.ಎ. ವರ್ಣತಂತುವಿನ ಒಂದು ನಿರ್ದಿಷ್ಟ ಭಾಗದಲ್ಲಿ ಸೇರಿಕೊಂಡು ಯಕೃತ್ತಿನ ಕ್ಯಾನ್ಸರ್ ಉಂಟಾದದ್ದು 2007ರಲ್ಲಿ ವರದಿಯಾಯಿತು. ಈ ಕಾರಣದಿಂದ ಚಿಕಿತ್ಸೆ ಪಡೆದವರನ್ನು ವರ್ಷಗಳ ಕಾಲ ಗಮನಿಸುತ್ತಿರಬೇಕೆಂಬ ಅಭಿಪ್ರಾಯಕ್ಕೆ ಬಲ ಬಂದಿತು.

ನೈತಿಕತೆ ಮತ್ತು ನಿಯಮಗಳು

ಈ ಪ್ರಯೋಗಗಳಲ್ಲಿ ಇಲಿಗಳಿಗೆ ನೋವಾಗುವ ಸಾಧ್ಯತೆಯಿದೆ. ಅಂಗಗಳನ್ನು ಪರೀಕ್ಷಿಸಲು ಕೊನೆಯಲ್ಲಿ ಅವನ್ನು ಕೊಲ್ಲುವುದೂ ಸಾಮಾನ್ಯ. 1959ರಲ್ಲಿ ಇಂಗ್ಲೆಂಡಿನ ವಿಲಿಯಂ ರಸೆಲ್ ಮತ್ತು ರೆಕ್ಸ್ ಬರ್ಚ್ ಮಂಡಿಸಿದ ಮೂರು ತತ್ತ್ವಗಳನ್ನು ಇಂದು ಬಹುತೇಕ ದೇಶಗಳು ಅಂಗೀಕರಿಸಿವೆ: ಸಾಧ್ಯವಿರುವಲ್ಲಿ ಪ್ರಾಣಿಗಳ ಬದಲು ಬೇರೆ ವಿಧಾನ ಬಳಸುವುದು, ಪ್ರಾಣಿಗಳ ಸಂಖ್ಯೆಯನ್ನು ಕಡಿಮೆ ಮಾಡುವುದು, ನೋವನ್ನು ತಗ್ಗಿಸುವಂತೆ ವಿಧಾನವನ್ನು ಸುಧಾರಿಸುವುದು. ಕೃಷಿಕೆಯಲ್ಲಿ ಬೆಳೆಸಿದ ಮಾನವ ಕೋಶಗಳು ಮತ್ತು ಅಂಗಗಳನ್ನು ಹೋಲುವ ಕೋಶಗುಚ್ಛಗಳು ಕೆಲವು ಪ್ರಶ್ನೆಗಳಿಗೆ ಉತ್ತರ ನೀಡುತ್ತವೆ. ಆದರೆ ರಕ್ತದಲ್ಲಿ ಸೇರಿದ ವಾಹಕ ಯಾವ ಅಂಗಕ್ಕೆ ಎಷ್ಟು ಹೋಗುತ್ತದೆಂಬ ಪ್ರಶ್ನೆಗೆ ಇಡೀ ದೇಹವುಳ್ಳ ಪ್ರಾಣಿಯನ್ನು ಸಂಪೂರ್ಣವಾಗಿ ಬದಲಿಸಬಲ್ಲ ವಿಧಾನ ಇನ್ನೂ ರೂಪುಗೊಂಡಿಲ್ಲ.

ಭಾರತದಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಗಳು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಇದರಡಿ ರಚಿತವಾದ ಕೇಂದ್ರ ಸಮಿತಿಯಲ್ಲಿ ಸಂಸ್ಥೆಗಳು ನೋಂದಣಿ ಮಾಡಿಸಿಕೊಳ್ಳಬೇಕು. ಇಲಿಗಳ ಮೇಲಿನ ಪ್ರತಿಯೊಂದು ಪ್ರಯೋಗಕ್ಕೂ ಆಯಾ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಅನುಮತಿ ಬೇಕು. ವಂಶವಾಹಿ ಮಾರ್ಪಾಟು ಒಳಗೊಂಡ ಕೆಲಸಕ್ಕೆ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ರೂಪಿಸಿದ ನಿಯಮಗಳೂ ಅನ್ವಯಿಸುತ್ತವೆ. ಮನುಷ್ಯರಿಗೆ ಸಂಬಂಧಿಸಿದ ವಂಶವಾಹಿ ಚಿಕಿತ್ಸೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2019ರಲ್ಲಿ ರಾಷ್ಟ್ರೀಯ ಮಾರ್ಗಸೂಚಿಯನ್ನು ಹೊರತಂದಿದೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಆವರಣದಲ್ಲಿ ವಂಶವಾಹಿ ಮಾರ್ಪಡಿಸಿದ ಇಲಿ ತಳಿಗಳನ್ನು ಸಂಶೋಧಕರಿಗಾಗಿ ರೂಪಿಸಿಕೊಡುವ ಸೌಲಭ್ಯವಿದೆ.

ಇವನ್ನೂ ನೋಡಿ

ವಂಶವಾಹಿ ಚಿಕಿತ್ಸೆ
ಕ್ರಿಸ್ಪರ್
ಅಡಿನೋ-ಸಂಬಂಧಿತ ವೈರಸ್
ಪ್ಲಾಸ್ಮಿಡ್
ರಕ್ತ–ಮಿದುಳು ತಡೆ
ಹಿಮೋಫಿಲಿಯಾ